ವಿಂಡೋಸ್ 11 ಹಾಕಿದ ಮೇಲೆ ಗೇಮ್ ಆಡುವಾಗ ಮಾತ್ರ ಕಂಪ್ಯೂಟರ್ ರೀಸ್ಟಾರ್ಟ್ ಆಗ್ತಿದೆ, ವಾಪಸ್ 10ಕ್ಕೇ ಹೋಗ್ಲಾ?

ಹೋಗಬೇಡಿ. ನನಗೂ ಥೇಟ್ ಹೀಗೇ ಆಗಿತ್ತು. ಬ್ರೌಸರ್, ಸಿನಿಮಾ, ಆಫೀಸ್ ಕೆಲಸ ಎಲ್ಲ ಸರಿ. ಗೇಮ್ ಶುರು ಮಾಡಿ ಸ್ವಲ್ಪ ಹೊತ್ತಾದರೆ ಸಾಕು, ಹೆಡ್‌ಫೋನ್‌ನಲ್ಲಿ ಕೊನೆಯ ಸದ್ದು ಗರ್ರ್ ಅಂತ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಸ್ಕ್ರೀನ್ ಕಪ್ಪು, ಮೆಷಿನ್ ರೀಸ್ಟಾರ್ಟ್.

ವಿಂಡೋಸ್ ಏನೇನಾಯಿತು ಅಂತ ಬರೆದಿಡುವ ಈವೆಂಟ್ ವ್ಯೂಯರ್ ತೆಗೆದು ನೋಡಿದೆ. ಪ್ರತಿ ಸಲವೂ ಒಂದೇ ಕೆಂಪು ಗುರುತಿನ ಸಾಲು: ಕರ್ನಲ್-ಪವರ್, ಈವೆಂಟ್ 41. ಪವರ್ ಅಂತ ಬರೆದಿದೆಯಲ್ಲ, ಇನ್ನೇನು ಬೇಕು? ಹೊಸ ಪವರ್ ಸಪ್ಲೈ ಕೊಂಡು ಹಾಕಿದೆ. ಕೇಬಲ್ ಎಲ್ಲ ನೀಟಾಗಿ ಕಟ್ಟಿ ಗೇಮ್ ಹಾಕಿದರೆ ಅದೇ ಗರ್ರ್, ಅದೇ ರೀಸ್ಟಾರ್ಟ್.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವೂ ಇಲ್ಲೇ ಎಡವುವ ಸಾಧ್ಯತೆ ಜಾಸ್ತಿ. 41 ಅನ್ನೋದು ಕ್ರ್ಯಾಶ್ ಆದ ಕ್ಷಣದಲ್ಲಿ ಬರೆದದ್ದಲ್ಲ. ಮುಂದಿನ ಸಲ ಆನ್ ಆದಾಗ ವಿಂಡೋಸ್ ಹಿಂದೆ ತಿರುಗಿ ನೋಡುತ್ತದೆ, ‘ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ’ ಅಂತ ಬರೆದಿಡುತ್ತದೆ. ಅಷ್ಟೇ. ಕರೆಂಟ್ ಹೋದರೂ 41, ಡ್ರೈವರ್ ಸತ್ತರೂ 41, ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ 41. ಕಾರಣ ಬೇಕಿದ್ದರೆ ಆ ಸಾಲಿನ ಕೆಳಗಿರುವ ‘ಡೀಟೇಲ್ಸ್’ ಟ್ಯಾಬ್ ತೆಗೆಯಬೇಕು. ಅಲ್ಲಿ ‘ಬಗ್‌ಚೆಕ್‌ಕೋಡ್’ ಅಂತ ಒಂದು ಸಂಖ್ಯೆ ಇರುತ್ತದೆ. ನನ್ನದರಲ್ಲಿ 26 ಅಂತ ಮೊದಲ ದಿನದಿಂದಲೇ ಇತ್ತು. ನಾನು ಆ ಟ್ಯಾಬ್ ಮುಟ್ಟಿರಲೇ ಇಲ್ಲ. ಇನ್ನೊಂದು ತೊಡಕು: ಅದು ಮಾಮೂಲಿ ದಶಮಾಂಶ ಸಂಖ್ಯೆ, ಆದರೆ ಕ್ರ್ಯಾಶ್ ಕೋಡ್‌ಗಳ ಪಟ್ಟಿ ಇರೋದು 16ರ ಎಣಿಕೆಯಲ್ಲಿ, ಅಂದರೆ ಹೆಕ್ಸ್‌ನಲ್ಲಿ. ಕ್ಯಾಲ್ಕುಲೇಟರನ್ನು ಪ್ರೋಗ್ರಾಮರ್ ಮೋಡ್‌ಗೆ ಹಾಕಿದರೆ 26 ಅಂದರೆ 1ಎ. ಅಂದರೆ ಮೆಮೊರಿ ಮ್ಯಾನೇಜ್‌ಮೆಂಟ್. ಪವರ್ ಸಪ್ಲೈಗೂ ಇದಕ್ಕೂ ಸಂಬಂಧವೇ ಇಲ್ಲ!

ಇಷ್ಟಾದರೂ ನಾನು ಬೈದದ್ದು ವಿಂಡೋಸ್ 11ನ್ನೇ. ನಿಜವಾಗಿ ನಡೆದದ್ದು ಬೇರೆ. 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಬೇಕು, ಅದನ್ನು ಆನ್ ಮಾಡಲು ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋದೆ. ಹೋದವನು ಸುಮ್ನೆ ಬರಲಿಲ್ಲ, ಬಯೋಸನ್ನೂ ಅಪ್‌ಡೇಟ್ ಮಾಡಿದೆ. ಅಪ್‌ಡೇಟ್ ಆದಾಗ ಹಳೆಯ ಸೆಟ್ಟಿಂಗ್ ಎಲ್ಲ ಅಳಿಸಿಹೋಯಿತು. ಮೊದಲು ನಾಲ್ಕು ರ‍್ಯಾಮ್ ಸ್ಟಿಕ್‌ಗಳನ್ನು 3000 ವೇಗದಲ್ಲಿ ಓಡಿಸುತ್ತಿದ್ದೆ. ಈಗ ಎಕ್ಸ್‌ಎಂಪಿ (ರ‍್ಯಾಮ್ ವೇಗ ಏರಿಸುವ ರೆಡಿಮೇಡ್ ಸೆಟ್ಟಿಂಗ್) ಆನ್ ಮಾಡಿದ್ದೇ ತಡ, ಡಬ್ಬಿ ಮೇಲೆ ಬರೆದ 3600ಕ್ಕೆ ಹೋಗಿ ಕೂತಿತು. ಎಕ್ಸ್‌ಎಂಪಿ ಅಂದರೆ ಓವರ್‌ಕ್ಲಾಕೇ, ಮಾಮೂಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸೋದು. ನಾಲ್ಕೂ ಸ್ಲಾಟ್ ತುಂಬಿದಾಗ ಆ ವೇಗ ಎಲ್ಲ ಬೋರ್ಡಿಗೂ ದಕ್ಕುವುದಿಲ್ಲ. ಬ್ರೌಸರ್‌ನಲ್ಲಿ ಗೊತ್ತಾಗದೆ ಗೇಮ್‌ನಲ್ಲಿ ಗೊತ್ತಾಗೋದು ಯಾಕೆಂದರೆ, ಗೇಮ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಮೂರೂ ಒಟ್ಟಿಗೆ ದುಡಿಯುತ್ತವೆ, ಬಿಸಿಯೂ ಏರುತ್ತದೆ. ಎಕ್ಸ್‌ಎಂಪಿ ಇಟ್ಟುಕೊಂಡು ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದರೆ ಕೆಂಪು ಎರರ್‌ಗಳು ಸಾಲುಸಾಲು. ಆಫ್ ಮಾಡಿ ಓಡಿಸಿದರೆ ಒಂದೂ ಇಲ್ಲ. 3000ಕ್ಕೆ ಇಳಿಸಿದೆ, ಕಥೆ ಮುಗಿಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. 10ಕ್ಕೆ ಹೋಗೋದಾ ಬೇಡವಾ ಅನ್ನೋದಲ್ಲ, ಅಪ್‌ಗ್ರೇಡ್ ಮಾಡಿದ ದಿನ ಇನ್ನೇನೇನು ಮುಟ್ಟಿದಿರಿ ಅನ್ನೋದು ಮುಖ್ಯ. ಬಯೋಸ್ ಬದಲಾಗಿದ್ದರೆ 10 ಹಾಕಿದರೂ ಅದು ಹಾಗೇ ಇರುತ್ತದೆ. ಸೆಟ್ಟಿಂಗ್ಸ್‌ನಿಂದ ಹಿಂದಕ್ಕೆ ಹೋಗಲು ಸಿಗೋದು ಮಾಮೂಲಿಯಾಗಿ 10 ದಿನ ಮಾತ್ರ. ಮೇಲಾಗಿ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವ ಯೋಚನೆಯನ್ನೂ ಸದ್ಯಕ್ಕೆ ಬಿಡಿ. ಲಾಗ್, ಮಿನಿಡಂಪ್ (ಕ್ರ್ಯಾಶ್ ಆದಾಗ ವಿಂಡೋಸ್ ಉಳಿಸುವ ಫೈಲ್) ಎಲ್ಲ ಅದರ ಜೊತೆಗೇ ಹೋಗುತ್ತವೆ, ಆಮೇಲೆ ಕತ್ತಲಲ್ಲಿ ತಡಕಾಡಬೇಕು.

ಮೊದಲು ಆ ಬಗ್‌ಚೆಕ್‌ಕೋಡ್ ಸಂಖ್ಯೆ ನೋಡಿ. 278 ಇದ್ದರೆ ಗ್ರಾಫಿಕ್ಸ್ ಕಡೆಯದು. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ರೀಸೆಟ್ ಮಾಡಲು ನೋಡುತ್ತದೆ, ಅದೂ ಆಗದಿದ್ದಾಗ ಈ ಕೋಡ್. ಸೇಫ್ ಮೋಡ್‌ನಲ್ಲಿ ಡಿಡಿಯು ಅನ್ನೋ ಡ್ರೈವರ್ ಅಳಿಸುವ ಟೂಲ್ ಬಳಸಿ ಹಳೇ ಡ್ರೈವರ್ ಪೂರ್ತಿ ತೆಗೆದು, ಕಾರ್ಡ್ ಕಂಪನಿಯ ಸೈಟಿನಿಂದಲೇ ಹೊಸದು ಹಾಕಿ. ಡ್ರೈವರ್ ಅಪ್‌ಡೇಟ್ ಮಾಡಿಕೊಡ್ತೀವಿ ಅನ್ನುವ ಉಚಿತ ಸಾಫ್ಟ್‌ವೇರ್‌ಗಳ ಹತ್ತಿರವೂ ಸುಳಿಯಬೇಡಿ. 292 ಇದ್ದರೆ ಹಾರ್ಡ್‌ವೇರೇ ದೂರು ಕೊಡುತ್ತಿದೆ ಅಂತ ಅರ್ಥ, ಓವರ್‌ಕ್ಲಾಕ್, ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸಿದ್ದು) ಎಲ್ಲ ತೆಗೆದು ನೋಡಿ. 0 ಇದ್ದರೆ ಮಾತ್ರ ಪವರ್ ಸಪ್ಲೈ, ಕೇಬಲ್, ಬಿಸಿ ಇವುಗಳ ಮೇಲೆ ಅನುಮಾನ ಪಡಿ, ಅದೂ ಕೊಳ್ಳುವ ಮೊದಲು ಯಾರದ್ದಾದರೂ ಎರವಲು ತಂದು ಹಾಕಿ ನೋಡಿ. ಮೆಷಿನ್ ರೀಸ್ಟಾರ್ಟ್ ಆಗದೆ ಗೇಮ್ ಒಂದೇ ಮುಚ್ಚಿಕೊಂಡರೆ 41 ಬರುವುದೇ ಇಲ್ಲ. ಆಗ ‘ರಿಲಯಬಿಲಿಟಿ ಮಾನಿಟರ್’ ತೆಗೆಯಿರಿ, ಯಾವ ದಿನ ಯಾವ ಪ್ರೋಗ್ರಾಂ ಬಿತ್ತು ಅಂತ ಸಾಲಾಗಿ ತೋರಿಸುತ್ತದೆ.

ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸಂಖ್ಯೆ ಎಷ್ಟು ಬಂತು, ಬಯೋಸ್ ಮುಟ್ಟಿದ್ರಾ, ರ‍್ಯಾಮ್ ಎಷ್ಟು ಸ್ಟಿಕ್, ಯಾವ ವೇಗ ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡ್ತೀನಿ.