ರೂಮ್‌ಮೇಟನ್ನ ಬೆಂಚಿಗೆ ಕೂರಿಸಲಾ, ಮೇಡಂ?

ಪ್ರಶ್ನೆ: ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೊನೆಯ ವರ್ಷದಲ್ಲಿದ್ದೇನೆ. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ನಾನೇ ಕ್ಯಾಪ್ಟನ್. ಬೇರೆ ಕೋಚ್ ಇಲ್ಲ. ಪಿಡಿ ಸರ್ (ದೈಹಿಕ ಶಿಕ್ಷಣ ನಿರ್ದೇಶಕರು) ವಾಲಿಬಾಲ್, ಕಬಡ್ಡಿ ಎಲ್ಲಾ ನೋಡಿಕೊಳ್ಳಬೇಕು, ಹಾಗಾಗಿ “ಫಸ್ಟ್ ಫೈವ್ ನೀನೇ ಬರೆದುಕೊಡಮ್ಮ, ಸೈನ್ ಹಾಕ್ತೀನಿ” ಅಂತಾರೆ, ಅಂದರೆ ಮ್ಯಾಚ್ ಶುರುವಿಗೆ ಇಳಿಯುವ ಐವರ ಪಟ್ಟಿ. ಮುಂದಿನ ತಿಂಗಳು ನಮ್ಮ ಯೂನಿವರ್ಸಿಟಿ ವಿಟಿಯುದ ಟೂರ್ನಿ ಇದೆ. ನನ್ನ ರೂಮ್‌ಮೇಟ್ ಮೂರು ವರ್ಷದಿಂದ ಫಸ್ಟ್ ಫೈವ್‌ನಲ್ಲಿ ಆಡಿದವಳು. ನಾವು ಸೇರಿದಾಗ ಆಡುವವರು ನಾಲ್ಕೇ ಜನ ಇದ್ದೆವು. ಹಾಸ್ಟೆಲ್‌ನಲ್ಲಿ ರೂಮಿಂದ ರೂಮಿಗೆ ಹೋಗಿ ಹುಡುಗಿಯರನ್ನು ಎಳೆದು ತಂದು ತಂಡ ಮಾಡಿದ್ದೇ ಅವಳು. ಆದರೆ ಹೋದ ವರ್ಷದಿಂದ ಅವಳ ಬಲ ಮೊಣಕಾಲು ಸರಿಯಿಲ್ಲ, ಡಿಫೆನ್ಸ್‌ಗೆ ವಾಪಸ್ ಓಡುವುದು ತಡವಾಗುತ್ತೆ. ಈ ವರ್ಷ ಸ್ಪೋರ್ಟ್ಸ್ ಹಾಸ್ಟೆಲ್‌ನಿಂದ ಬಂದ ಫಸ್ಟ್ ಇಯರ್ ಹುಡುಗಿಯೊಬ್ಬಳು ಅದೇ ಫಾರ್ವರ್ಡ್ ಜಾಗಕ್ಕೆ ಆಡುತ್ತಾಳೆ. ವೇಗ ಇದೆ, ದೂರದಿಂದ ಹಾಕಿದ್ದು ಬೀಳುತ್ತೆ. ಫೌಲ್ ಮಾತ್ರ ಜಾಸ್ತಿ ಮಾಡ್ತಾಳೆ. ರಾತ್ರಿ ಕೂತು ಪಟ್ಟಿ ಬರೆಯುತ್ತೇನೆ, ರೂಮ್‌ಮೇಟ್ ಒಳಗೆ ಬಂದರೆ ನೋಟ್ಸ್ ಕೆಳಗೆ ತಳ್ಳುತ್ತೇನೆ. ನಾನು ಅವಳಿಗೆ ಮೋಸ ಮಾಡ್ತಿದೀನಾ?
— ಹೆಸರು ಬೇಡ

ಉತ್ತರ: ನಿನ್ನ ಪತ್ರ ನಾಲ್ಕು ಪುಟ ಇತ್ತು, ಮೇಲೆ ಹಾಕಿರುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಬಹುವಚನದಲ್ಲೇ ಮಾತಾಡಿಸೋಣ ಅಂದುಕೊಂಡೆ. ಮೂವತ್ತು ವರ್ಷ ಕೋರ್ಟ್ ಪಕ್ಕದಲ್ಲಿ ನಿಂತು ಹುಡುಗಿಯರನ್ನು ಕೂಗಿದ ಬಾಯಿ ಇದು, ಕೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀನು ಬರೆದಿದ್ದೆಲ್ಲ ಹೌದಾದರೆ ಆ ಫಸ್ಟ್ ಇಯರ್ ಜೂನಿಯರ್ ಹುಡುಗಿಯೇ ಫಸ್ಟ್ ಫೈವ್‌ನಲ್ಲಿ ಇಳಿಯಲಿ. ಇದರಲ್ಲಿ ಮೋಸ ಏನಿಲ್ಲ. ನನಗೆ ಇರಿಸುಮುರಿಸಾದದ್ದು ನೋಟ್ಸ್ ಕೆಳಗೆ ಹೋಗುತ್ತಿರುವ ಆ ಹಾಳೆ.

ಯಾಕೆ ಅಂದರೆ ಅಂಥ ಹಾಳೆಯ ಇನ್ನೊಂದು ತುದಿಯಲ್ಲಿ ನಾನಿದ್ದೆ. ಆಗ 20 ನಿಮಿಷದ ಎರಡು ಹಾಫ್ ಆಟ. ನೀವು ಆಡುವ 10 ನಿಮಿಷದ ನಾಲ್ಕು ಕ್ವಾರ್ಟರ್ ಬಂದದ್ದು 2000ದಲ್ಲಿ. ಇಂಟರ್ ಕಾಲೇಜ್ ಸೆಮಿಫೈನಲ್. ಎರಡು ವರ್ಷ ನಾನಿಲ್ಲದ ಫಸ್ಟ್ ಫೈವ್ ಇರಲಿಲ್ಲ, ಹಾಗಾಗಿ ವಾರ್ಮ್‌ಅಪ್ ಮುಗಿದದ್ದೇ ಅಭ್ಯಾಸಬಲದಿಂದ ಟ್ರ್ಯಾಕ್ ಪ್ಯಾಂಟ್ ಬಿಚ್ಚಿ ಮಡಚಿಟ್ಟು ನಿಂತೆ. ನಮ್ಮ ಸರ್ ಐದು ಹೆಸರು ಓದಿದರು. ಐದನೆಯದು ನನ್ನದಲ್ಲ. ಅಷ್ಟು ಜನರ ಮುಂದೆ ಆ ಟ್ರ್ಯಾಕ್ ಪ್ಯಾಂಟನ್ನು ವಾಪಸ್ ಹಾಕಿಕೊಳ್ಳಬೇಕಲ್ಲ, ಒಂದು ಕಾಲು ಶೂ ಸಮೇತ ಒಳಗೆ ಸಿಕ್ಕಿಕೊಂಡು ಕುಂಟುತ್ತಾ ಬೆಂಚಿಗೆ ಹೋಗಿ ಕೂತೆ. ಯಾರೋ ನಕ್ಕರು. ನನ್ನ ಜಾಗಕ್ಕೆ ಇಳಿದವಳು ಚೆನ್ನಾಗಿಯೇ ಆಡಿದಳು, ನಾವು ಗೆದ್ದೆವು ಕೂಡ. ಸರ್ ನಿರ್ಧಾರ ಸರಿ ಇತ್ತು ಅಂತ ಆವತ್ತು ಸಂಜೆಯೇ ನನಗೆ ಗೊತ್ತಾಗಿತ್ತು. ಆದರೂ ಅವರ ಜೊತೆ ಸರಿಯಾಗಿ ಮಾತಾಡಲು ನನಗೆ ಒಂದು ವರ್ಷ ಬೇಕಾಯಿತು. ಹಿಂದಿನ ರಾತ್ರಿ ಕರೆದು ಒಂದು ಮಾತು ಹೇಳಿದ್ದರೆ ಅತ್ತು ಮುಗಿಸಿ ಬೆಳಿಗ್ಗೆ ಬರುತ್ತಿದ್ದೆ.

ಈಗ ಆಟದ ಮಾತು. ಅಲ್ಲೂ ನೀನು ಫಸ್ಟ್ ಫೈವ್‌ಗೆ ಇರುವುದಕ್ಕಿಂತ ಹೆಚ್ಚು ಬೆಲೆ ಕೊಟ್ಟಿದ್ದೀಯ ಅನಿಸುತ್ತಿದೆ.

ಸ್ಕೋರ್ ಟೇಬಲ್ ಹತ್ತಿರ ಹೋಗಿ ಒಂದು ಸಲ ಸ್ಕೋರ್ ಶೀಟ್ ನೋಡು. ಮ್ಯಾಚಿಗೆ 10 ನಿಮಿಷ ಮುಂಚೆ ಕೋಚ್ 12 ಹೆಸರು ಸರಿಯಿದೆಯೇ ನೋಡಿ, ಶುರುವಿಗೆ ಇಳಿಯುವ ಐವರ ಮುಂದೆ ಸಣ್ಣದೊಂದು ಎಕ್ಸ್ ಹಾಕಿ ಸೈನ್ ಮಾಡುತ್ತಾರೆ. (ಕೋಚ್ ಇಲ್ಲದಿದ್ದರೆ ಆ ಕೆಲಸ ಕ್ಯಾಪ್ಟನ್‌ದೇ ಅಂತ ನಿಯಮವೇ ಇದೆ, ಹಾಗಾಗಿ ನಿಮ್ಮ ಸರ್ ನಿನ್ನ ಮೇಲೆ ಹೊರೆ ಹಾಕಿದರು ಅಂತ ತೀರಾ ಬೈಯುವ ಹಾಗೂ ಇಲ್ಲ.) ಆಟ ಶುರುವಾದಾಗ ಸ್ಕೋರರ್ ಆ ಐದು ಎಕ್ಸ್‌ಗಳಿಗೆ ಸುತ್ತು ಹಾಕುತ್ತಾನೆ. ಆಮೇಲೆ ಸಬ್ (ಬದಲಿ) ಆಗಿ ಇಳಿದವರ ಮುಂದೆಯೂ ಎಕ್ಸ್ ಬೀಳುತ್ತದೆ, ಸುತ್ತು ಇರುವುದಿಲ್ಲ ಅಷ್ಟೆ. ನೀನು ಒಂದು ತಿಂಗಳಿಂದ ನಿದ್ದೆಗೆಟ್ಟಿರುವುದು ಆ ಸುತ್ತಿಗಾಗಿ. ಪಾಯಿಂಟ್, ಫೌಲ್ ಇವಕ್ಕೆಲ್ಲ ಅದೇ ಹಾಳೆಯಲ್ಲಿ ಬೇರೆ ಜಾಗ ಇದೆ. ಅಲ್ಲಿ ಯಾರು ಮೊದಲು ಇಳಿದರು ಅಂತ ಯಾರೂ ಕೇಳುವುದಿಲ್ಲ.

ಆದ್ದರಿಂದ ಹೆಸರು ಬರೆಯುವ ಮೊದಲು ನಿಮಿಷ ಹಂಚು. ಒಂದು ಮ್ಯಾಚಿಗೆ ಐದು ಜಾಗ, ಒಂದೊಂದಕ್ಕೆ 40 ನಿಮಿಷ, ಒಟ್ಟು 200. ಇನ್ನೂರನ್ನು ಹತ್ತು ಜನರ ಮಧ್ಯೆ ಹೇಗೆ ಹಂಚುತ್ತೀಯ? ನಿಮ್ಮ ಆ ಒಂದು ಫಾರ್ವರ್ಡ್ ಜಾಗದಲ್ಲಿ ಜೂನಿಯರ್‌ಗೆ 24, ರೂಮ್‌ಮೇಟ್‌ಗೆ 16 ಅಂತಿಟ್ಟುಕೋ. ಬೋರ್ಡ್ ಕೆಳಗೆ ಆಡುವ ನಿಮ್ಮ ಪಿವೊಟ್ ಹುಡುಗಿಗೂ ಮಧ್ಯೆ ಉಸಿರು ಬೇಕು, ಅವಳ ಜಾಗದಲ್ಲಿ ಒಂದು 4 ನಿಮಿಷ ರೂಮ್‌ಮೇಟ್ ನಿಲ್ಲಬಲ್ಲಳು. 24ಕ್ಕೆ 20. ನಾಲ್ಕು ಪುಟದ ಪತ್ರ ಬರೆಸಿದ ವ್ಯತ್ಯಾಸ ನಾಲ್ಕು ನಿಮಿಷ.

ಮತ್ತೆ, ಶುರುವಿಗೆ ಯಾರು ಅನ್ನುವುದನ್ನು ಎದುರಾಳಿ ನೋಡಿ ಯೋಚಿಸು. ನಮ್ಮ ಹುಡುಗಿಯರ ಕಾಲೇಜು ಟೀಮುಗಳಲ್ಲಿ ನಾನು ಕಂಡ ಹೆಚ್ಚಿನವು ಕಣ್ಣು ಮುಚ್ಚಿಕೊಂಡು ಟೂ-ತ್ರೀ ಜೋನ್ ಆಡುತ್ತವೆ, ಅಂದರೆ ಇಬ್ಬರು ಮುಂದೆ, ಮೂವರು ಹಿಂದೆ ನಿಂತು ತಮ್ಮ ತಮ್ಮ ಜಾಗ ಕಾಯುವ ಡಿಫೆನ್ಸ್. ಮೂವರು ಬೋರ್ಡ್ ಕೆಳಗೆ ಬೇರು ಬಿಟ್ಟು ನಿಲ್ಲುತ್ತಾರೆ. ದೂರದಿಂದ ಎರಡು ಬಾಸ್ಕೆಟ್ ಬಿದ್ದರೆ ಮಾತ್ರ ಅವರು ಅಲ್ಲಿಂದ ಕದಲುವುದು. ಆ ಎರಡು ಬಾಸ್ಕೆಟ್ ನಿಮ್ಮ ತಂಡದಲ್ಲಿ ಇರುವುದು ಜೂನಿಯರ್ ಕೈಯಲ್ಲಿ. ಇದೇ ಅವಳನ್ನು ಮೊದಲು ಇಳಿಸಲು ಕಾರಣ, ಬೇರೇನೂ ಹುಡುಕಬೇಡ. ಇನ್ನು ಅವಳು ಫೌಲ್ ಜಾಸ್ತಿ ಮಾಡುತ್ತಾಳೆ ಅಂತೀಯ. ಮೊದಲ ಕ್ವಾರ್ಟರಿನಲ್ಲೇ ಎರಡು ಫೌಲ್ ಆಯಿತೋ, ತೆಗೆದು ಕೂರಿಸು. ಐದಾದರೆ ಹೇಗೂ ಮನೆಗೆ. ರೂಮ್‌ಮೇಟ್ ಇಳಿಯುವುದು ಅಲ್ಲಿ. ನೀನು ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ವಿಷಯ ಒಂದಿದೆ: ಅವಳು ಬಾಕ್ಸ್‌ಔಟ್ ಮಾಡಿದರೆ (ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಂತರೆ) ಆರಡಿ ಹುಡುಗಿಗೂ ರಿಬೌಂಡ್ (ಬೀಳದೆ ಪುಟಿದು ಬಂದ ಬಾಲ್) ಸಿಗಲ್ಲ, ಡಿಫೆನ್ಸ್‌ನಲ್ಲಿ ಹಿಂದಿನಿಂದ ಕೂಗಿ ಕೂಗಿ ಎಲ್ಲರನ್ನೂ ಜಾಗದಲ್ಲಿ ನಿಲ್ಲಿಸುತ್ತಾಳೆ ಅಂತ. ಅಯ್ಯೋ, ಮೂರು ಪಾಯಿಂಟ್ ಮುಂದಿದ್ದು ನಾಲ್ಕು ನಿಮಿಷ ಉಳಿದಿರುವಾಗ ಬೇಕಾದವಳು ಇವಳೇ ಅಲ್ವೇನೇ? ಕೊನೆಯ ಎರಡು ನಿಮಿಷದಲ್ಲಂತೂ ಎದುರಿನವರು ಬಾಸ್ಕೆಟ್ ಹಾಕಿದರೆ ಕ್ಲಾಕ್ ನಿಲ್ಲುತ್ತದೆ, ನೀವು ಸಬ್ ಕೇಳಬಹುದು. ಬಾಸ್ಕೆಟ್ ಬೇಕಾದಾಗ ರೂಮ್‌ಮೇಟನ್ನು ತೆಗೆದು ಜೂನಿಯರನ್ನು ಬಿಡಲು ಅದೊಂದು ಅವಕಾಶ.

ಇದೆಲ್ಲ ನನ್ನ ಊಹೆ, ನಿಮ್ಮ ಆಟ ನಾನು ನೋಡಿಲ್ಲ. ಅದಕ್ಕೇ ಮೂರು ಪ್ರಾಕ್ಟೀಸ್ ಮ್ಯಾಚ್ ಆಡಿಸು, ಹುಡುಗರ ಜೂನಿಯರ್ ಟೀಮ್ ಜೊತೆಯಾದರೂ ಸರಿ. ಆಡದ ಒಬ್ಬಳ ಕೈಗೆ ನೋಟ್‌ಬುಕ್ ಕೊಡು. ಯಾರು ಒಳಗಿದ್ದಾಗ ನಾವು ಎಷ್ಟು ಹಾಕಿದೆವು, ಎಷ್ಟು ಬಿಟ್ಟುಕೊಟ್ಟೆವು, ಅಷ್ಟೇ ಬರೆಯಲಿ. ಸರ್‌ಗೂ ಹೇಳು, ಮೂರರಲ್ಲಿ ಒಂದಕ್ಕಾದರೂ ಕುರ್ಚಿ ಹಾಕಿಕೊಂಡು ಪೂರ್ತಿ ಕೂರಬೇಕು ಅಂತ. ಸೈನ್ ಅವರದು, ನೋಡದೆ ಹಾಕಬಾರದು. ಲೆಕ್ಕ ನಿನ್ನ ಅಂದಾಜಿಗೆ ಉಲ್ಟಾ ಬಂದರೆ ಉಲ್ಟಾ ಮಾಡು. ಪ್ರಾಕ್ಟೀಸಿನಲ್ಲಿ ಹತ್ತಕ್ಕೆ ಎಂಟು ಹಾಕುವವರು ಮೈಮೇಲೆ ಬಿದ್ದು ಡಿಫೆನ್ಸ್ ಮಾಡುವವರ ಮುಂದೆ ಎರಡಕ್ಕಿಳಿದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ತಂಡ ಕಟ್ಟಿದವಳನ್ನೇ ಹೊರಗೆ ಕೂರಿಸುವುದು ಹೇಗೆ ಅಂತ ಎರಡು ಕಡೆ ಕೇಳಿದ್ದೀಯ. ಅವಳ ಋಣ ನಿನ್ನ ಮೇಲಿದೆ, ಕಾಲೇಜಿನ ಮೇಲೂ ಇದೆ. ಅದನ್ನು ಜೂನಿಯರ್ ಜೇಬಿನಿಂದ ತೀರಿಸಲು ಹೋಗಬೇಡ. ಆ ಮಗು ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿ ಬೆಳಗಿನ ಜಾವ ಎದ್ದು ಓಡಿ ಬಂದಿರುವುದು ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾಗಿ ಸೌತ್ ಝೋನ್ (ದಕ್ಷಿಣದ ಯೂನಿವರ್ಸಿಟಿಗಳ ಟೂರ್ನಿ) ಆಡುವ ಆಸೆಯಿಂದ ಇರಬಹುದು. ಅವಳು ಯಾರಿಗೂ ಏನೂ ಸಾಲ ಮಾಡಿಲ್ಲ. ರೂಮ್‌ಮೇಟ್‌ದು ಕೊನೆಯ ವರ್ಷ ಅಂತ ಒಂದು ಮ್ಯಾಚಿಗೆ ಗೌರವದ ಸ್ಟಾರ್ಟ್ ಕೊಡೋಣ ಅನಿಸಿದರೆ ಲೀಗ್‌ನಲ್ಲಿ ಗೆಲ್ಲುವುದು ಖಚಿತ ಇರುವ ಮ್ಯಾಚಿನಲ್ಲಿ ಕೊಡು. ಅದೂ ಅವಳನ್ನು ಕೇಳಿ. ಕನಿಕರದ ಸ್ಟಾರ್ಟ್ ಬೇಡ ಅನ್ನುವ ಜಾತಿಯವಳೂ ಆಗಿರಬಹುದು.

ಹೇಳುವುದು ಹೇಗೆ? ಪಟ್ಟಿ ನೋಟಿಸ್ ಬೋರ್ಡಿಗೆ, ವಾಟ್ಸಾಪ್ ಗ್ರೂಪಿಗೆ ಹೋಗುವ ಮುಂಚೆ, ಟೂರ್ನಿಗೆ ಕಡಿಮೆಯೆಂದರೂ ಹತ್ತು ದಿನ ಇರುವಾಗ. ರೂಮಿನಲ್ಲಿ ಬೇಡ, ಇಬ್ಬರಿಗೂ ಎದ್ದು ಹೋಗಲು ಬೇರೆ ಜಾಗ ಇರುವುದಿಲ್ಲ. ಬೆಣ್ಣೆ ದೋಸೆ ತಿನ್ನಿಸಲು ಕರೆದುಕೊಂಡು ಹೋಗಿ ಹೇಳುವ ಉಪಾಯವೂ ಬೇಡ, ಆಮೇಲೆ ಅವಳಿಗೆ ದಾವಣಗೆರೆ ದೋಸೆ ಜನ್ಮಕ್ಕಾಗುವಷ್ಟು ಕಹಿ. ಪ್ರಾಕ್ಟೀಸ್ ಮುಗಿದು ಎಲ್ಲರೂ ಹೋದ ಮೇಲೆ ಕೋರ್ಟಿನ ಕಟ್ಟೆ ಮೇಲೆ ಕೂತು ಹೇಳು. “ಈ ಸಲ ಶುರುವಿಗೆ ಅವಳನ್ನ ಇಳಿಸ್ತಿದೀನಿ ಕಣೇ. ಜೋನ್ ಒಡೆಯೋಕೆ ಹೊರಗಿನ ಶಾಟ್ ಬೇಕು. ನೀನು ಅವಳ ಹಿಂದೆ ಬರ್ತೀಯ, ಕೊನೇಲಿ ಒಳಗಿರ್ತೀಯ. ಬರೆದಿದ್ದು ನಾನೇ.” ಇಷ್ಟು ಸಾಕು. ‘ಸರ್ ಹೇಳಿದ್ರು’ ಅಂದರೆ ಒಂದೇ ರೂಮಿನಲ್ಲಿ ಅದು ಎರಡು ದಿನವೂ ನಿಲ್ಲುವುದಿಲ್ಲ. ನೋಟ್‌ಬುಕ್ ಲೆಕ್ಕ ಅವಳು ಕೇಳಿದರೆ ತೋರಿಸು, ಕೇಳದಿದ್ದರೆ ಚೀಲದಲ್ಲೇ ಇರಲಿ.

ಹಾಂ, ಇನ್ನೊಂದು. ‘ಬೆಂಚಿನಿಂದ ಬರೋದು ಇನ್ನೂ ದೊಡ್ಡ ಜವಾಬ್ದಾರಿ’ ಅಂತ ಬಡ್ತಿ ಕೊಟ್ಟ ಹಾಗೆ ಮಾತಾಡಬೇಡ. ನೀನು ಯೂಟ್ಯೂಬ್ ನೋಡುವ ಹುಡುಗಿ, ಉದಾಹರಣೆ ಹುಡುಕಿಕೊಂಡು ಹೋಗುತ್ತೀಯ ಅಂತ ನಾನೇ ಹೇಳಿಬಿಡುತ್ತೇನೆ. 2018ರ ಅಮೆರಿಕದ ಕಾಲೇಜು ಫೈನಲ್‌ನಲ್ಲಿ ವಿಲನೋವಾದ ಡಾಂಟೆ ಡಿವಿನ್ಚೆಂಜೊ ಬೆಂಚಿನಿಂದ ಎದ್ದುಬಂದು 31 ಪಾಯಿಂಟ್ ಹಾಕಿದ; ಮಿಷಿಗನ್ 79-62ರಲ್ಲಿ ಸೋತಿತು, ಟೂರ್ನಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವನಿಗೆ. ಎನ್‌ಬಿಎಯಲ್ಲಿ ಆಂದ್ರೆ ಇಗುವೊಡಾಲ ಅದುವರೆಗೆ ಆಡಿದ 758 ಲೀಗ್ ಪಂದ್ಯಗಳಲ್ಲೂ ಶುರುವಿನಿಂದ ಆಡಿದವನು. ಗೋಲ್ಡನ್ ಸ್ಟೇಟ್ ತಂಡದ ಹೊಸ ಕೋಚ್ ಸ್ಟೀವ್ ಕೆರ್ 2014ರಲ್ಲಿ ಅವನನ್ನು ಬೆಂಚಿಗೆ ಕಳಿಸಿದರು. ಮುಂದಿನ ಜೂನ್‌ನಲ್ಲಿ ಫೈನಲ್ಸ್‌ನ ಶ್ರೇಷ್ಠ ಆಟಗಾರ ಅವನೇ. ಆದರೆ ಪೂರ್ತಿ ಕಥೆ ಕೇಳು: ಫೈನಲ್ಸ್ ಅನ್ನುವುದು ಹಲವು ಪಂದ್ಯಗಳ ಸರಣಿ, ಅದರಲ್ಲಿ ತಂಡ 2-1ರಲ್ಲಿ ಹಿಂದೆ ಬಿದ್ದಾಗ ನಾಲ್ಕನೇ ಪಂದ್ಯದಿಂದ ಅವನನ್ನು ಮತ್ತೆ ಶುರುವಿಗೇ ಇಳಿಸಬೇಕಾಯಿತು. ಬೆಂಚಿಗೆ ಕಳಿಸಿದ ಕೋಚೇ ವಾಪಸ್ ಕರೆದದ್ದು. ನಿನಗೂ ಆ ದಾರಿ ತೆರೆದಿರಲಿ, ಬರೆದ ಪಟ್ಟಿ ಕಲ್ಲಿನ ಮೇಲಿನ ಶಾಸನ ಆಗುವುದು ಬೇಡ. ಈ ಹೆಸರುಗಳನ್ನೆಲ್ಲ ರೂಮ್‌ಮೇಟ್ ಮುಂದೆ ತೆಗೆಯಬೇಡ ಮತ್ತೆ. ನನಗೆ ಆಗ ಯಾರಾದರೂ ಇಂಥ ಕಥೆ ಹೇಳಿದ್ದರೆ ಬಾಲ್ ಎತ್ತಿ ಅವರ ಮೇಲೇ ಎಸೆಯುತ್ತಿದ್ದೆ.

ಅವಳು ಎರಡು ದಿನ ಮಾತು ಬಿಡಬಹುದು. ಬಿಡಲಿ. ನೀನೂ ಅವಳ ಹಿಂದೆ ಹಿಂದೆ ತಿರುಗಬೇಡ. ಊಟಕ್ಕೆ ಹೋಗುವಾಗ ಎಂದಿನ ಹಾಗೆ ಬಾಗಿಲು ತಟ್ಟಿ ಕರೆ, ಬಂದರೆ ಬಂದಳು. ಜೂನಿಯರ್‌ಗೂ ಬೇರೆಯಾಗಿ ಹೇಳಬೇಕು, ಅದನ್ನು ಮರೆಯುವವರೇ ಹೆಚ್ಚು. ಅಕ್ಕನ ಜಾಗ ಕಿತ್ತುಕೊಂಡೆ ಅಂತ ಅವಳು ಕುಗ್ಗುತ್ತಾಳೆ. ಸೀನಿಯರ್‌ಗಳ ಗುಂಪು ಒಂದಾದರೆ ಕೋರ್ಟಿನಲ್ಲಿ ಅವಳಿಗೆ ಪಾಸ್ ಬರುವುದು ನಿಲ್ಲುತ್ತದೆ, ಬಾಯಲ್ಲಿ ಯಾರೂ ಏನೂ ಅಂದಿರುವುದಿಲ್ಲ. ಪ್ರಾಕ್ಟೀಸಿನಲ್ಲಿ ಅದನ್ನು ಗಮನಿಸು. ಕಂಡರೆ ಅಲ್ಲೇ ಆಟ ನಿಲ್ಲಿಸು, ಮೊದಲ ಪಾಸ್ ನೀನೇ ಕೊಡು.

ಕೊನೆಗೆ ಮೊಣಕಾಲು. ನಾಲ್ಕು ಪುಟದಲ್ಲಿ ಅವಳ ಮೊಣಕಾಲಿನ ವಿಷಯ ಆರು ಸಲ ಬಂದಿದೆ, ಎಣಿಸಿದೆ. ಹೇಗಿದೆ ಅಂತ ಅವಳನ್ನು ಕೇಳಿದೆ ಅಂತ ಒಂದು ಕಡೆಯೂ ಇಲ್ಲ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳುತ್ತಾಳೆ, ಪ್ರಾಕ್ಟೀಸ್ ಆದ ಮೇಲೆ ಊದಿಕೊಳ್ಳುತ್ತೆ ಅಂತ ನೀನೇ ಬರೆದಿದ್ದೀಯ. ಒಂದು ವರ್ಷದಿಂದ ಹೀಗಿದ್ದರೆ ಅದು ಐಸ್ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ ಆಡಿಸುವ ಕಾಲಲ್ಲ. ಅವಳು ಫಸ್ಟ್ ಫೈವ್ ಕೈ ತಪ್ಪುವ ಭಯಕ್ಕೇ ಡಾಕ್ಟರ್ ಹತ್ತಿರ ಹೋಗದೆ ಇದ್ದಿರಬಹುದು. ನಾನು ಮೇಲೆ ಹಂಚಿಕೊಟ್ಟ ಆ 20 ನಿಮಿಷವನ್ನು ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆದುಕೋ. ಈ ವಾರವೇ ಇಬ್ಬರೂ ಮೂಳೆ ಡಾಕ್ಟರ್ ಹತ್ತಿರ ಹೋಗಿ ಬನ್ನಿ, ಸರ್ ಹತ್ತಿರ ಪರ್ಮಿಷನ್ ನೀನೇ ಕೇಳು. ಎಷ್ಟು ಆಡಬಹುದು ಅಂತ ಡಾಕ್ಟರ್ ಅನ್ನುತ್ತಾರೋ ನೋಡಿಕೊಂಡು ಆಮೇಲೆ ಆ ಹಾಳೆ ಹೊರಗೆ ತೆಗೆ.