ತಾಂಗ್ ಯೋ ಗುವೋಜಿ ಕಲ್ಲಿನಂತಾದದ್ದೇಕೆ?

ಚೀನಾದ ಚೆಂಗ್ಡುವಿನ ಬೀದಿಗಳಲ್ಲಿ ಬಿದಿರುಕಡ್ಡಿಗೆ ಪೋಣಿಸಿ ಕೊಡುವ, ಎಣ್ಣೆಯಲ್ಲಿ ಕರಿದ ಸಿಹಿ ಉಂಡೆಯಾದ ತಾಂಗ್ ಯೋ ಗುವೋಜಿಯನ್ನು ಮನೆಯಲ್ಲಿ ಮಾಡಿದಾಗ ಉಂಡೆ ಕಲ್ಲಿನಂತಾಯಿತು, ಪಾಕವೂ ಹಿಡಿಯಲಿಲ್ಲ ಎಂದಿದ್ದೀರಿ. ದೋಸೆ ಅಕ್ಕಿಯ ಹಿಟ್ಟು ಬಳಸಿದ್ದೀರಲ್ಲ, ಅರ್ಧ ತಪ್ಪು ಅಲ್ಲೇ ಆಗಿದೆ. ಇದಕ್ಕೆ ಜಿಗುಟು ಅಕ್ಕಿಯ ಹಿಟ್ಟೇ ಬೇಕು. ಅದರ ಪಿಷ್ಟದಲ್ಲಿ ಅಮೈಲೋಸ್, ಅಂದರೆ ಅನ್ನವನ್ನು ಉದುರುದುರಾಗಿಸುವ ಅಂಶ, ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಾದಾಗ ಹಿಗ್ಗಿ, ಒಳಗಿನ ಆವಿಯನ್ನು ಹಿಡಿದುಕೊಂಡು ಉಬ್ಬುತ್ತದೆ. ನಮ್ಮ ಅಕ್ಕಿಯಿಂದ ಅದು ಆಗದ ಮಾತು.

ಇನ್ನು ಪಾಕ. ನೀವು ಜಾಮೂನಿನ ಹಾಗೆ ಬೇರೆ ಪಾತ್ರೆಯಲ್ಲಿ ಪಾಕ ಮಾಡಿ ಅದ್ದಿದ್ದೀರಿ. ಅಲ್ಲಿನವರು ಕೆಂಪು ಸಕ್ಕರೆಯನ್ನು ನೇರವಾಗಿ ಎಣ್ಣೆಗೇ ಸುರಿಯುತ್ತಾರೆ! ಸಕ್ಕರೆ ಎಣ್ಣೆಯೊಂದಿಗೆ ಬೆರೆಯುವುದಿಲ್ಲ. ಕರಗಿ ತಳ ಸೇರುತ್ತದೆ, ಉಂಡೆಗಳನ್ನು ಬಿಡದೆ ತಿರುವುತ್ತಿದ್ದರೆ ಅವುಗಳ ಮೈಗೆಲ್ಲ ಮೆತ್ತಿಕೊಳ್ಳುತ್ತದೆ. ತಾಂಗ್ ಎಂದರೆ ಸಕ್ಕರೆ, ಯೋ ಎಂದರೆ ಎಣ್ಣೆ, ಹೆಸರಿನಲ್ಲೇ ವಿಧಾನವಿದೆ. ಆ ಕೆಂಪು ಸಕ್ಕರೆ ನಮ್ಮ ಬೆಲ್ಲದ ಹತ್ತಿರದ ನೆಂಟ, ಆದ್ದರಿಂದ ಬೆಲ್ಲವನ್ನೇ ಪುಡಿಮಾಡಿ ಹಾಕಿ ನೋಡಿ. ಉರಿ ಸಣ್ಣದಿರಲಿ, ಸೀದರೆ ಕಹಿಯಾಗುತ್ತದೆ. ಇಳಿಸಿದ ಮೇಲೆ ಬಿಳಿ ಎಳ್ಳು ಉದುರಿಸಿ.

ಬಾಣಲೆಯಿಂದ ತುಸು ದೂರವೇ ನಿಲ್ಲಿ. ಆವಿಗೆ ದಾರಿ ಸಿಗದ ಉಂಡೆ ಪಟಾಕಿಯಂತೆ ಸಿಡಿಯುತ್ತದೆ. ನನ್ನ ಮುಂಗೈ ಮೇಲಿನ ಕಲೆ ಅದಕ್ಕೆ ಸಾಕ್ಷಿ.