ಶ್ವಾಸನಾಳದ ಸ್ಟೆಂಟ್ ಕೂಡ ಹೃದಯದ ಸ್ಟೆಂಟ್‌ನಂತೆ ಕೊನೆಯವರೆಗೆ ಇರುತ್ತದೆಯೇ?

ನಿಮ್ಮ ತಂದೆಯವರು ಮೂರು ವಾರ ವೆಂಟಿಲೇಟರ್‌ನಲ್ಲಿದ್ದು ಗುಣವಾದ ಮೇಲೆ ಅವರ ಶ್ವಾಸನಾಳ ಕಿರಿದಾಗಿದೆ ಎಂದೂ, ಈಗ ಹಾಕಲಿರುವ ಸ್ಟೆಂಟ್ (ದಾರಿಯನ್ನು ತೆರೆದಿಡುವ ಕೊಳವೆ) ಜೀವನಪೂರ್ತಿ ಒಳಗೇ ಇರುವುದೇ ಎಂದೂ ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ತೊಂದರೆಗಾಗಿ 14 ತಿಂಗಳು ಸಿಲಿಕೋನ್ ಸ್ಟೆಂಟ್ ಇಟ್ಟುಕೊಂಡು, ನಂತರ ತೆಗೆಸಿಕೊಂಡವನು.

ವೆಂಟಿಲೇಟರ್‌ಗಾಗಿ ಗಂಟಲಿನೊಳಗೆ ಇಳಿಸಿದ ಕೊಳವೆಯ ಗಾಳಿಬುಗ್ಗೆ ಶ್ವಾಸನಾಳದ ಒಳಪದರವನ್ನು ದಿನಗಟ್ಟಲೆ ಒತ್ತಿದಾಗ ಅಲ್ಲಿ ರಕ್ತಸಂಚಾರ ಕುಂದಿ ಹುಣ್ಣಾಗುತ್ತದೆ. ಆ ಹುಣ್ಣು ಮಾಯುವಾಗ ಗಾಯದ ಕಲೆ ಬಿಗಿದುಕೊಂಡು ದಾರಿಯನ್ನು ಕಿರಿದಾಗಿಸುತ್ತದೆ. ನನಗೆ ಮೊದಲು ಆಸ್ತಮಾ ಎಂದೇ ಎರಡು ತಿಂಗಳು ಇನ್ಹೇಲರ್ ಕೊಟ್ಟಿದ್ದರು. ಉಸಿರು ಎಳೆದುಕೊಳ್ಳುವಾಗ ಸಿಳ್ಳೆಯಂಥ ಸದ್ದು ಬರುತ್ತಿದ್ದುದನ್ನು ಗಮನಿಸಿದ ಇನ್ನೊಬ್ಬ ವೈದ್ಯರು ಬ್ರಾಂಕೋಸ್ಕೋಪಿ, ಅಂದರೆ ನಳಿಕೆ ಇಳಿಸಿ ಶ್ವಾಸನಾಳದ ಒಳಗನ್ನು ನೋಡುವ ಪರೀಕ್ಷೆ, ಮಾಡಿಸಿದರು.

ಹೃದಯದ ಸ್ಟೆಂಟನ್ನು ಮತ್ತೆ ತೆಗೆಯುವ ಉದ್ದೇಶದಿಂದ ಹಾಕುವುದಿಲ್ಲ. ಕ್ಯಾನ್ಸರ್ ಅಲ್ಲದ ಇಂಥ ಕಿರಿದಾಗುವಿಕೆಯಲ್ಲಿ ಶ್ವಾಸನಾಳಕ್ಕೆ ಹಾಕುವ ಸ್ಟೆಂಟನ್ನು ಮಾತ್ರ ಸಾಮಾನ್ಯವಾಗಿ ತೆಗೆಯಲೆಂದೇ ಹಾಕುತ್ತಾರೆ. ಸ್ಟೆಂಟ್ ಲೋಹದ್ದಾಗಿದ್ದು, ಅದರ ಜಾಲರಿಯೊಳಗೆ ಮಾಂಸ ಬೆಳೆದುಕೊಂಡರೆ ಅದನ್ನು ಬಿಡಿಸುವುದು ಬಲು ಕಷ್ಟ. ಆದ್ದರಿಂದಲೇ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2005ರಲ್ಲಿ, ಇಂಥ ರೋಗಿಗಳಿಗೆ ಬೇರೆ ದಾರಿಗಳನ್ನೆಲ್ಲ ಪರಿಶೀಲಿಸಿದ ಮೇಲಷ್ಟೇ ಲೋಹದ ಸ್ಟೆಂಟ್ ಬಳಸಬೇಕೆಂದು ಎಚ್ಚರಿಸಿತು. ನಿಮ್ಮ ತಂದೆಯವರಿಗೆ ಹಾಕುವುದು ಲೋಹದ್ದೋ ಸಿಲಿಕೋನಿನದೋ ಎಂದು ಮೊದಲೇ ಕೇಳಿ. ಕಿರಿದಾದ ಭಾಗವನ್ನು ಕತ್ತರಿಸಿ ತುದಿಗಳನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಅವರಿಗೆ ಆಗುವಂತಿದೆಯೇ ಎಂಬುದನ್ನೂ ಎದೆಯ ಶಸ್ತ್ರಚಿಕಿತ್ಸಕರಲ್ಲಿ ವಿಚಾರಿಸಿ. ದೇಹ ತಾಳುವಂತಿದ್ದರೆ ಬಾಳಿಕೆಯ ಪರಿಹಾರ ಅದೇ.

ಸಿಲಿಕೋನ್ ಸ್ಟೆಂಟನ್ನು ಪೂರ್ಣ ಅರಿವಳಿಕೆ ಕೊಟ್ಟು, ಬಾಗದ ಲೋಹದ ಬ್ರಾಂಕೋಸ್ಕೋಪಿನ ಮೂಲಕ ಕೂರಿಸುತ್ತಾರೆ. ನನಗೆ ಎಚ್ಚರವಾದ ಮರುಗಳಿಗೆಯಲ್ಲೇ ಉಸಿರು ಹಗುರಾಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ಸ್ಟೆಂಟ್ ಮುಚ್ಚಿಬಿಡುವುದರಿಂದ ಕಫ ಅಲ್ಲೇ ಅಂಟಿ ಒಣಗುತ್ತದೆ. ಅದಕ್ಕಾಗಿ ನಾನು ದಿನಕ್ಕೆ ಎರಡು ಹೊತ್ತು ಸಲೈನ್ ನೆಬ್ಯುಲೈಸರ್ (ಉಪ್ಪುನೀರನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರ) ಹಿಡಿಯುತ್ತಿದ್ದೆ, ಊರಿಗೆ ಹೋದರೂ ಆ ಯಂತ್ರ ಚೀಲದಲ್ಲಿರುತ್ತಿತ್ತು. ಆದರೂ ಒಮ್ಮೆ ಕೆಮ್ಮಿನ ರಭಸಕ್ಕೆ ಸ್ಟೆಂಟ್ ಜಾರಿ, ಮತ್ತೆ ಕೂರಿಸಬೇಕಾಯಿತು. ತೆಗೆದ ಮೇಲೆ ಕೆಲವರಿಗೆ ದಾರಿ ಪುನಃ ಕಿರಿದಾಗುವುದುಂಟು. ನನ್ನದು ಇದುವರೆಗೆ ತೆರೆದೇ ಇದೆ.

ಸ್ಟೆಂಟಿನ ಬಗೆ, ಅಳತೆ, ಕೂರಿಸಿದ ಜಾಗ ಇವನ್ನು ಬರೆದ ಚೀಟಿಯೊಂದನ್ನು ತಂದೆಯವರ ಜೇಬಿನಲ್ಲಿ ಸದಾ ಇರಿಸಿ. ತುರ್ತಿನಲ್ಲಿ ಅದು ತಿಳಿಯದೆ ಗಂಟಲಿಗೆ ಕೊಳವೆ ಹಾಕಿದರೆ ಸ್ಟೆಂಟ್ ಸ್ಥಾನಪಲ್ಲಟವಾಗಬಹುದು. ಸಿಳ್ಳೆಯ ಸದ್ದು ಮರಳಿದರೆ, ಇಲ್ಲವೇ ಕಫ ಬಾರದೆ ಉಸಿರು ಕಟ್ಟಿದಂತಾದರೆ, ಬೆಳಗಾಗಲೆಂದು ಕಾಯದೆ ಬ್ರಾಂಕೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೇ ಕರೆದೊಯ್ಯಿರಿ.